ಉಪ್ಪುಗಾಳಿಯ ಊರಲ್ಲಿ ಲಿಫ್ಟಿಲ್ಲದ ಹಳೆಯ ಅಪಾರ್ಟ್‌ಮೆಂಟ್: ಬಾಡಿಗೆಯ ಆಸೆಗೆ ಕೊಳ್ಳುವ ಮೊದಲು

ಕಾರವಾರದಲ್ಲಿ ಮಾರಾಟಕ್ಕಿಟ್ಟ ಹಳೆಯ ಕಟ್ಟಡ ಅತ್ಯಂತ ಚೆಂದ ಕಾಣುವುದು ನವೆಂಬರ್‌ನಲ್ಲಿ. ಮಳೆ ನಿಂತಿರುತ್ತದೆ, ಪಾಚಿ ಉಜ್ಜಿ ಹೊಸ ಬಣ್ಣ ಬಳಿದಿರುತ್ತಾರೆ, ಬಾವಿಯಲ್ಲಿ ಸಿಹಿನೀರು ತುಂಬಿರುತ್ತದೆ. ಅದೇ ಕಟ್ಟಡವನ್ನು ಜುಲೈ ಮೂರನೇ ವಾರದಲ್ಲಿ ಒಮ್ಮೆ, ಮೇ ತಿಂಗಳ ಕೊನೆಯಲ್ಲಿ ಒಮ್ಮೆ ನೋಡಿದವರಿಗೆ ಬೇರೆಯೇ ಕಟ್ಟಡ ಕಾಣುತ್ತದೆ. ಎರಡು ಬಾರಿ ನೋಡುವಷ್ಟು ಪುರುಸೊತ್ತು ಇಲ್ಲದವರು ಈ ವ್ಯವಹಾರಕ್ಕೆ ಇಳಿಯದಿರುವುದೇ ವಾಸಿ.

ಇಲ್ಲಿ ಹೇಳುತ್ತಿರುವುದು 1980ರಿಂದ 2000ದ ನಡುವೆ ಎದ್ದ, ನೆಲಮಹಡಿಯ ಮೇಲೆ ಎರಡೋ ಮೂರೋ ಮಹಡಿ, ಆರರಿಂದ ಹನ್ನೆರಡು ಮನೆ, ಮೆಟ್ಟಿಲು ಬಿಟ್ಟರೆ ಬೇರೆ ದಾರಿ ಇಲ್ಲದ ಕಟ್ಟಡಗಳ ಬಗ್ಗೆ. ಇಡೀ ಕಟ್ಟಡವನ್ನು ಒಬ್ಬರೇ ಕೊಂಡು ಬಾಡಿಗೆಗೆ ಕೊಡುವ ಯೋಚನೆಗೆ ಬೇಡಿಕೆಯ ಮಟ್ಟಿಗೆ ಆಧಾರವಿದೆ. ಸೀಬರ್ಡ್ ನೌಕಾನೆಲೆ, ಕೈಗಾ ಅಣುವಿದ್ಯುತ್ ಕೇಂದ್ರ, ವೈದ್ಯಕೀಯ ಕಾಲೇಜು, ಜಿಲ್ಲಾ ಕಚೇರಿಗಳು, ಬ್ಯಾಂಕುಗಳು, ಇವುಗಳಿಂದಾಗಿ ವರ್ಗಾವಣೆಯಾಗಿ ಬರುವವರು, ಹೋಗುವವರು ಕಾರವಾರದಲ್ಲಿ ಯಾವಾಗಲೂ ಇರುತ್ತಾರೆ. ಆದ್ದರಿಂದ ‘ಬಾಡಿಗೆ ಎಷ್ಟು ಬರುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಅರ್ಧ ದಿನದಲ್ಲಿ ಸಿಗುತ್ತದೆ. ‘ಸ್ಲ್ಯಾಬಿನೊಳಗಿನ ಕಬ್ಬಿಣ ಇನ್ನೆಷ್ಟು ವರ್ಷ ಬಾಳುತ್ತದೆ’ ಎಂಬುದಕ್ಕೆ ಉತ್ತರ ಹುಡುಕಲು ತಿಂಗಳು ಬೇಕು, ಒಂದಿಷ್ಟು ಹಣವೂ ಬೇಕು. ಬೆಲೆ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ.

ಕಬ್ಬಿಣ ತುಕ್ಕು ಹಿಡಿಯುವ ಬಗೆ

ಒಳ್ಳೆಯ ಕಾಂಕ್ರೀಟು ಕ್ಷಾರೀಯ. ಆ ಕ್ಷಾರದೊಳಗೆ ಸರಳಿನ ಮೈಮೇಲೆ ತೆಳ್ಳನೆಯ ರಕ್ಷಣಾ ಪದರ ಹುಟ್ಟಿಕೊಳ್ಳುತ್ತದೆ, ತುಕ್ಕು ಹತ್ತಿರ ಸುಳಿಯುವುದಿಲ್ಲ. ಈ ಪದರವನ್ನು ಒಡೆಯುವವು ಎರಡು. ಒಂದು, ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷಗಳ ಕಾಲ ಒಳಗಿಳಿದು ಕ್ಷಾರವನ್ನೇ ತಗ್ಗಿಸುವುದು. ಇನ್ನೊಂದು, ಉಪ್ಪಿನ ಕ್ಲೋರೈಡು ಕ್ಷಾರ ಹಾಗೇ ಇದ್ದರೂ ಪದರವನ್ನು ಅಲ್ಲಲ್ಲಿ ತೂತು ಮಾಡುವುದು. ಕರಾವಳಿಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ತುಕ್ಕಾದ ಕಬ್ಬಿಣ ಮೂಲ ಗಾತ್ರದ ಎರಡರಿಂದ ಆರು ಪಟ್ಟು ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಕಂಬದ ಮೂಲೆಯಲ್ಲಿ ಸರಳಿನ ಗುಂಟ ನೇರ ಮೇಲಕ್ಕೆ ಹೋಗುವ ಬಿರುಕು ಕಂಡರೆ ಅದು ಪ್ಲಾಸ್ಟರಿನ ಬಿರುಕಲ್ಲ.

ಹಳೆಯ ಕಟ್ಟಡಗಳಲ್ಲಿ ಈ ತೊಂದರೆ ಹೆಚ್ಚಿರುವುದಕ್ಕೆ ಕಾರಣ ಸರಳ. ಆಗ ಎಂ15 ದರ್ಜೆಯ ಕಾಂಕ್ರೀಟು (ಎಂ ನಂತರದ ಅಂಕಿ ಅದರ ಶಕ್ತಿಯ ಅಳತೆ) ಸಾಮಾನ್ಯವಾಗಿತ್ತು, ಸ್ಲ್ಯಾಬಿನ ಸರಳಿನ ಕೆಳಗೆ 15 ಮಿ.ಮೀ. ಹೊದಿಕೆ ಬಿಟ್ಟರೆ ಸಾಕು ಎನ್ನುವ ರೂಢಿ ಇತ್ತು. 2000ದಲ್ಲಿ ಪರಿಷ್ಕೃತವಾದ ಐಎಸ್ 456, ಅಂದರೆ ಕಾಂಕ್ರೀಟಿನ ಭಾರತೀಯ ಮಾನದಂಡ ಸಂಹಿತೆ, ಕರಾವಳಿಯ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟನ್ನು ‘ತೀವ್ರ’ ವರ್ಗಕ್ಕೆ ಸೇರಿಸಿ ಕನಿಷ್ಠ ಎಂ30, 45 ಮಿ.ಮೀ. ಹೊದಿಕೆ ಬೇಕೆಂದಿತು. ಸಮುದ್ರದ ತುಂತುರು ನೇರವಾಗಿ ಬೀಳುವ ಕಡೆ ಎಂ35, 50 ಮಿ.ಮೀ. ಅಂದರೆ ಇವತ್ತಿನ ಲೆಕ್ಕದಲ್ಲಿ ಆ ಕಾಲದ ಕಟ್ಟಡಕ್ಕೆ ಇರುವುದು ಮೂರನೇ ಒಂದು ಭಾಗದ ಹೊದಿಕೆ, ಅರ್ಧ ಶಕ್ತಿಯ ಕಾಂಕ್ರೀಟು. ಅದರ ಮೇಲೆ ಆಗ ಬಳಸುತ್ತಿದ್ದದ್ದು ಹಗ್ಗದಂತೆ ತಿರುಚಿದ ಟಾರ್ ಸರಳು. ತಣ್ಣಗಿದ್ದಾಗಲೇ ತಿರುಚಿದ್ದರಿಂದ ಅದರ ಮೈಯಲ್ಲಿ ಒತ್ತಡ ಉಳಿದಿರುತ್ತದೆ, ಈಗ ಬಳಸುವ ಟಿಎಂಟಿ ಸರಳಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಕಳಚಿದ ಜಾಗದಲ್ಲಿ ಸರಳಿನ ಗೆರೆಗಳು ಸುರುಳಿಯಾಗಿ ಸುತ್ತಿದ್ದರೆ ಅದು ಟಾರ್.

ಮರಳಿನ ಮಾತು ಬೇರೆಯೇ. ಅಳಿವೆಯ ಹತ್ತಿರ ತೆಗೆದ ಮರಳನ್ನು ತೊಳೆಯದೆ ಹಾಕಿದ್ದರೆ ಉಪ್ಪು ಹೊರಗಿನಿಂದ ಬರಬೇಕಾಗಿಲ್ಲ, ಸ್ಲ್ಯಾಬ್ ಹಾಕಿದ ದಿನವೇ ಒಳಗೆ ಕೂತಿರುತ್ತದೆ. ಕಳಚಿಬಿದ್ದ ಕಾಂಕ್ರೀಟಿನ ಚೂರೊಂದನ್ನು ಬಿಸಿಲಿಗೆ ಹಿಡಿದು ನೋಡಿ. ಅಕ್ಕಿಕಾಳಿನಷ್ಟು ಬಿಳಿಯ ಚಿಪ್ಪಿನ ತುಣುಕುಗಳು ಮಿನುಗಿದರೆ ಮರಳು ಎಲ್ಲಿಂದ ಬಂದಿತ್ತೆಂದು ಗೊತ್ತಾಗುತ್ತದೆ.

ಸುತ್ತಿಗೆ ಹಿಡಿದು ನೋಡುವುದು

ಮೊದಲ ತಪಾಸಣೆಗೆ ಬೇಕಾದದ್ದು 200 ಗ್ರಾಮಿನ ಸುತ್ತಿಗೆ, ಟಾರ್ಚು, ವರ್ನಿಯರ್ ಕ್ಯಾಲಿಪರ್, ಗಟ್ಟಿ ದಾರ. ಮೆಟ್ಟಿಲಿನ ತಳಭಾಗದಿಂದ ಶುರುಮಾಡಿ. ಅಲ್ಲಿ ಫಾಲ್ಸ್ ಸೀಲಿಂಗ್ ಇರುವುದಿಲ್ಲ, ಬಣ್ಣವೂ ತೆಳು. ಒಂದಡಿಗೊಮ್ಮೆ ಹಗುರವಾಗಿ ತಟ್ಟುತ್ತಾ ಹೋದರೆ ಗಟ್ಟಿ ಕಾಂಕ್ರೀಟು ‘ಟಣ್’ ಎನ್ನುತ್ತದೆ. ಒಳಗೆ ಪದರ ಬಿಟ್ಟದ್ದು ಹಳೆಯ ಹಲಸಿನ ಹಣ್ಣಿನ ಹಾಗೆ ‘ದಬ್’ ಎನ್ನುತ್ತದೆ. ಟೊಳ್ಳು ಸದ್ದು ಬಂದ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಒಂದು ಮಹಡಿ ಮುಗಿಸಿ ಹಿಂದೆ ಸರಿದು ನೋಡಿದಾಗ ಗೆರೆಯೊಳಗಿನ ವಿಸ್ತೀರ್ಣ ಎಷ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸ್ನಾನದ ಮನೆಗಳ ಕೆಳಗಿನ ಸ್ಲ್ಯಾಬು, ತಾರಸಿಯ ನೀರಿನ ಟ್ಯಾಂಕಿನ ಕೆಳಗಿನ ತೊಲೆಗಳು, ನೆಲಮಹಡಿಯ ಕಂಬಗಳ ಬುಡದಿಂದ ಎರಡಡಿ ಎತ್ತರದವರೆಗಿನ ಭಾಗ, ಪಡುವಣ ದಿಕ್ಕಿನ ಸಜ್ಜಾಗಳು. ಒಂದೇ ಕಂಬದ ಪಶ್ಚಿಮದ ಮುಖವನ್ನೂ ಪೂರ್ವದ ಮುಖವನ್ನೂ ಹೋಲಿಸಿದರೆ ಗಾಳಿಯ ಉಪ್ಪು ಎಷ್ಟು ಕೆಲಸ ಮಾಡಿದೆ ಎಂಬ ಅಂದಾಜು ಬರುತ್ತದೆ.

ಸರಳು ಹೊರಗೆ ಕಂಡಲ್ಲಿ ತುಕ್ಕನ್ನು ತಂತಿ ಬ್ರಷ್‌ನಿಂದ ಪೂರ್ತಿ ಉಜ್ಜಿ ಅಳೆಯಿರಿ. 10 ಮಿ.ಮೀ. ಸರಳು 9ಕ್ಕೆ ಇಳಿದಿದ್ದರೆ ಕಳೆದುಹೋದದ್ದು ಹತ್ತರಲ್ಲಿ ಒಂದು ಪಾಲಲ್ಲ, ಅಡ್ಡಕೊಯ್ತದ ವಿಸ್ತೀರ್ಣದಲ್ಲಿ 19%. ಸ್ಲ್ಯಾಬಿನ 8 ಮಿ.ಮೀ. ಸರಳು 7ಕ್ಕೆ ಬಂದಿದ್ದರೆ 23%. ನಾಲ್ಕನೇ ಒಂದು ಭಾಗ ಹೋದಲ್ಲಿ ಬರೀ ತೇಪೆ ಸಾಲದು, ಪಕ್ಕಕ್ಕೆ ಹೊಸ ಸರಳು ಕಟ್ಟಬೇಕಾಗುತ್ತದೆ, ಖರ್ಚಿನ ಲೆಕ್ಕವೇ ಬದಲಾಗುತ್ತದೆ.

ಬಾಲ್ಕನಿಯ ವಿಷಯದಲ್ಲಿ ಅನುಭವಿಗಳೂ ಎಡವುವುದುಂಟು. ಸಾಮಾನ್ಯ ಸ್ಲ್ಯಾಬಿನಲ್ಲಿ ಮುಖ್ಯ ಸರಳು ಕೆಳಗಿರುತ್ತದೆ, ತುಕ್ಕು ಹಿಡಿದರೆ ತಳದ ಕಾಂಕ್ರೀಟು ಉದುರಿ ಎಚ್ಚರಿಸುತ್ತದೆ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿ ಮುಖ್ಯ ಸರಳು ಇರುವುದು ಮೇಲ್ಭಾಗದಲ್ಲಿ, ಟೈಲ್ಸಿನ ಕೆಳಗೆ. ಮಳೆನೀರು ನಿಲ್ಲುವುದೂ ಅಲ್ಲೇ. ತಳದಿಂದ ನೋಡಿದರೆ ಬಣ್ಣ ಹೊಳೆಯುತ್ತಿರುತ್ತದೆ, ಮೇಲಿನ ಕಬ್ಬಿಣ ಸವೆದುಹೋಗಿರುತ್ತದೆ. ಇಂಥದ್ದು ಕುಸಿಯುವಾಗ ಮುನ್ಸೂಚನೆ ಕೊಡುವುದಿಲ್ಲ. ಆದ್ದರಿಂದ ಮೇಲ್ಮಹಡಿಯ ಪಶ್ಚಿಮದ ಬಾಲ್ಕನಿಯಲ್ಲಿ ಗೋಡೆಗೆ ತಾಗಿದ ಒಂದು ಟೈಲನ್ನಾದರೂ ಎಬ್ಬಿಸಿ ನೋಡಲೇಬೇಕು. ಬಾಲ್ಕನಿಯ ಅಂಚಿನ ಗುಂಟ ದಾರ ಎಳೆದು ಕಟ್ಟಿ ಬಾಗಿದೆಯೇ ಎಂದೂ ನೋಡಿ. ಮಾರುವವರು ಟೈಲ್ ಎಬ್ಬಿಸಲು ಒಪ್ಪದಿದ್ದರೆ ಮುಂಗಡ ಕೊಡಬೇಡಿ. ಒಂದು ಟೈಲಿಗೆ ಹಿಂದೆಮುಂದೆ ನೋಡುವವರ ಹತ್ತಿರ ಇನ್ನೇನು ಮುಚ್ಚಿಟ್ಟಿದೆಯೋ.

ಇಷ್ಟಾದ ಮೇಲೂ ಆಸೆ ಉಳಿದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್‌ರನ್ನು ಕರೆಸಿ. ಮನೆ ನಕಾಶೆ ಬರೆದುಕೊಡುವವರು ಬೇರೆ, ಇವರು ಬೇರೆ. ಅವರಿಂದ ಬರೀ ‘ರಿಬೌಂಡ್ ಹ್ಯಾಮರ್’ (ಮೇಲ್ಮೈಯ ಗಡಸುತನ ಅಳೆಯುವ ಉಪಕರಣ) ವರದಿ ತೆಗೆದುಕೊಂಡು ಸಮಾಧಾನಪಡಬೇಡಿ. ಇಂಗಾಲ ಇಳಿದ ಹಳೆಯ ಕಾಂಕ್ರೀಟಿನ ಮೇಲ್ಮೈ ಗಡುಸಾಗಿರುತ್ತದೆ, ಆ ಉಪಕರಣ ಇಲ್ಲದ ಶಕ್ತಿಯನ್ನು ತೋರಿಸುತ್ತದೆ. ಕೇಳಬೇಕಾದವು ಇವು: ಕೆಲವು ಕಂಬ-ತೊಲೆಗಳಲ್ಲಿ ಅಲ್ಟ್ರಾಸಾನಿಕ್ ತರಂಗದ ಪರೀಕ್ಷೆ, ಕಾಂಕ್ರೀಟನ್ನು ಕೊರೆದು ತೆಗೆದ ಮೂರು ಕೋರ್ ಮಾದರಿ, ಆಗತಾನೇ ಒಡೆದ ಮುಖದ ಮೇಲೆ ಫಿನಾಲ್ಫ್ತಲೀನ್ ಸಿಂಪಡಣೆ, ಸರಳಿನ ವಿದ್ಯುತ್ ವಿಭವ ಅಳೆಯುವ ಹಾಫ್-ಸೆಲ್ ಪರೀಕ್ಷೆ, ಕ್ಲೋರೈಡು ಪರೀಕ್ಷೆ. ಫಿನಾಲ್ಫ್ತಲೀನ್ ಸಿಂಪಡಿಸಿದಾಗ ಗುಲಾಬಿ ಬಣ್ಣ ಬಂದಲ್ಲಿ ಕ್ಷಾರ ಉಳಿದಿದೆ, ಬಣ್ಣ ಬಾರದ ಪಟ್ಟಿ ಸರಳನ್ನು ಮುಟ್ಟಿದ್ದರೆ ರಕ್ಷಣೆ ಮುಗಿದಿದೆ. ಹಾಫ್-ಸೆಲ್ ಅಳತೆ ತಾಮ್ರ-ತಾಮ್ರದ ಸಲ್ಫೇಟು ವಿದ್ಯುದ್ವಾರದಲ್ಲಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿಳಿದರೆ ಆ ಜಾಗದಲ್ಲಿ ತುಕ್ಕು ಈಗಲೂ ನಡೆಯುತ್ತಿರುವ ಸಾಧ್ಯತೆ 90%ಕ್ಕೂ ಹೆಚ್ಚು.

ಇವುಗಳಲ್ಲಿ ಅತಿ ಹೆಚ್ಚು ತಿಳಿಸಿಕೊಡುವುದು ಕ್ಲೋರೈಡು ಪರೀಕ್ಷೆ. ಡ್ರಿಲ್ ಮಾಡಿ ಬಂದ ಪುಡಿಯನ್ನು ಆಳಕ್ಕೆ ತಕ್ಕಂತೆ ಬೇರೆಬೇರೆ ಪೊಟ್ಟಣದಲ್ಲಿ ಹಿಡಿಯಬೇಕು: 0–10, 10–20, 20–30, 30–40 ಮಿ.ಮೀ. ಹೊರಪದರದಲ್ಲಿ ಉಪ್ಪು ಹೆಚ್ಚಿದ್ದು ಒಳಗೆ ಹೋದಂತೆ ಕಡಿಮೆಯಾದರೆ ಅದು ಗಾಳಿಯಿಂದ ಬಂದದ್ದು. ಹೊರಮೈ ದುರಸ್ತಿ ಮಾಡಿ, ಒಳ್ಳೆಯ ಲೇಪ ಹಚ್ಚಿ ಹತ್ತು-ಹದಿನೈದು ವರ್ಷ ತಳ್ಳಬಹುದು. ನಾಲ್ಕೂ ಪೊಟ್ಟಣದಲ್ಲಿ ಒಂದೇ ಪ್ರಮಾಣ ಬಂದರೆ ಅದು ಮರಳಿನ, ನೀರಿನ ಉಪ್ಪು. ಅಂಥ ಕಟ್ಟಡಕ್ಕೆ ದುರಸ್ತಿ ಎಂಬುದು ಕೊನೆಯಿಲ್ಲದ ಖರ್ಚು. ಹೊಸ ಕಾಂಕ್ರೀಟಿಗೆ ಸಂಹಿತೆ ಇಟ್ಟ ಮಿತಿ ಘನ ಮೀಟರಿಗೆ 0.6 ಕೆ.ಜಿ. ಕ್ಲೋರೈಡು. ಹಳೆಯದರಲ್ಲಿ ಅದರ ಮೂರು-ನಾಲ್ಕು ಪಟ್ಟು ಒಳಗಿನವರೆಗೂ ಇದ್ದರೆ, ಕೊಳ್ಳುವುದು ಜಾಗವನ್ನು ಮಾತ್ರ ಎಂದೇ ಲೆಕ್ಕ ಹಾಕಿ.

ತೇಪೆ ಯಾಕೆ ನಿಲ್ಲುವುದಿಲ್ಲ

‘ಎರಡು ವರ್ಷದ ಹಿಂದೆ ಎಲ್ಲ ರಿಪೇರಿ ಮಾಡಿಸಿದ್ದೇವೆ’ ಎಂಬ ಮಾತು ಕೇಳಿಬಂದರೆ ತೇಪೆಯ ಅಂಚಿನಲ್ಲಿ ತಟ್ಟಿ ನೋಡಿ. ಸರಳಿನ ಮೇಲಿನ ಸಡಿಲ ಭಾಗ ಕೆತ್ತಿ ಸಿಮೆಂಟು ಮೆತ್ತಿದರೆ ಆ ಜಾಗ ಹೊಸದಾಗುತ್ತದೆ, ಆದರೆ ಪಕ್ಕದ ಉಪ್ಪು ತುಂಬಿದ ಹಳೆಯ ಕಾಂಕ್ರೀಟಿಗೂ ಇದಕ್ಕೂ ನಡುವೆ ವಿದ್ಯುತ್ಕೋಶ ಹುಟ್ಟಿ, ತೇಪೆಯ ಸುತ್ತ ಮೊದಲಿಗಿಂತ ಜೋರಾಗಿ ತುಕ್ಕು ಶುರುವಾಗುತ್ತದೆ. ಮೂರನೇ ಮಳೆಗಾಲಕ್ಕೆ ತೇಪೆ ಗಟ್ಟಿ, ಸುತ್ತಲೂ ಉದುರು.

ಸರಿಯಾದ ಕ್ರಮದಲ್ಲಿ ಮೊದಲು ಜಾಕಿ ಕೊಟ್ಟು ಭಾರ ಇಳಿಸಬೇಕು. ಸರಳಿನ ಹಿಂದೆ 20–25 ಮಿ.ಮೀ. ಸುತ್ತಲೂ ಬಿಡುವಾಗುವಷ್ಟು ಕೆತ್ತಿ, ಟೊಳ್ಳು ಸದ್ದು ನಿಂತಲ್ಲಿಂದ ಇನ್ನೂ ನಾಲ್ಕು ಬೆರಳು ಆಚೆಗೆ ಹೋಗಬೇಕು. ಸರಳನ್ನು ಹೊಳೆಯುವವರೆಗೆ ಉಜ್ಜಿ, ಸಿಹಿನೀರಿನಿಂದ ತೊಳೆದು, ಒಣಗಿದ ಕೂಡಲೇ ಜಿಂಕ್ ಪ್ರೈಮರ್, ಆಮೇಲೆ ಬಾಂಡಿಂಗ್ ಲೇಪ, ಅದು ಅಂಟಂಟಾಗಿರುವಾಗಲೇ ಪಾಲಿಮರ್ ಗಾರೆ. ಕಂಬಗಳಿಗೆ ಸುತ್ತ ಮೈಕ್ರೋಕಾಂಕ್ರೀಟ್ ಜಾಕೆಟ್. ಕೊನೆಗೆ ಹೊರಮೈಗೆಲ್ಲ ಕಾರ್ಬೊನೇಷನ್ (ಇಂಗಾಲದ ಡೈಆಕ್ಸೈಡು ಒಳಗಿಳಿಯುವುದು) ತಡೆಯುವ ಲೇಪ. ಈ ಕೆಲಸಕ್ಕೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿ ಮಾತ್ರ ಸರಿಯಾದದ್ದು. ಬಾವಿಯ ನೀರು ಉಪ್ಪಾಗಿದ್ದರೆ ಟ್ಯಾಂಕರ್ ತರಿಸಿ, ಉಪ್ಪುನೀರಲ್ಲೇ ಗಾರೆ ಕಲಸಿದರೆ ಮಾಡಿದ್ದೆಲ್ಲ ವ್ಯರ್ಥ. ಕಬ್ಬಿಣದ ರೇಲಿಂಗ್ ಬದಲಿಸುವಾಗ 304 ದರ್ಜೆಯ ಸ್ಟೀಲ್ ಹಾಕಿಸಿದರೂ ಕಡಲಗಾಳಿಗೆ ಕಂದು ಕಲೆ ಏಳುತ್ತದೆ, 316 ಕೇಳಿ.

ಅಡಿಪಾಯದ ಬಗ್ಗೆ ಒಂದೇ ಮಾತು. ಕುಮಟಾ, ಅಂಕೋಲಾ, ಹೊನ್ನಾವರದ ಕಡೆ ಗಜನಿ ಗದ್ದೆಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಮಣ್ಣು ತುಂಬಿ ಕಟ್ಟಿದ್ದಾರೆಯೇ ಎಂದು ಅಕ್ಕಪಕ್ಕದ ಹಿರಿಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಕಿಟಕಿ-ಬಾಗಿಲ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಚಿರೇಕಲ್ಲಿನ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋದ ಬಿರುಕು ನೆಲ ಒಂದೇ ಸಮನೆ ಕೂತಿಲ್ಲ ಎಂಬುದರ ಗುರುತು. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯನ್ನು ಎಪಾಕ್ಸಿಯಲ್ಲಿ ಅಂಟಿಸಿಟ್ಟು ಒಂದು ಮಳೆಗಾಲ ಕಾಯಿರಿ. ಗಾಜು ಒಡೆದರೆ ಇನ್ನೂ ಕೂರುತ್ತಿದೆ.

ನೀರು: ಬರುವುದು, ಹೋಗುವುದು

ಎಂಟು ಮನೆ, ಮನೆಗೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 4,320 ಲೀಟರ್. ನಗರಸಭೆಯ ನಳ ದಿನ ಬಿಟ್ಟು ದಿನ ಬಂದರೆ ಕನಿಷ್ಠ ಎರಡು ದಿನದ ನೀರು ಹಿಡಿಯುವಷ್ಟು ಸಂಪು ಬೇಕು. ಹಳೆಯ ಕಟ್ಟಡಗಳ ಸಂಪು ಅಷ್ಟು ದೊಡ್ಡದಿರುವುದು ಅಪರೂಪ, ಬಾವಿಯೇ ಆಧಾರ. ಬಾವಿ ನೀರನ್ನು ಪರೀಕ್ಷಿಸಬೇಕಾದ್ದು ಮೇ ತಿಂಗಳಲ್ಲಿ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಕುಡಿಯಲು ಒಳ್ಳೆಯದು, ಬೇರೆ ಮೂಲವೇ ಇಲ್ಲದಾಗ 2,000ದವರೆಗೆ ಸಹಿಸಬಹುದೆಂದು ಭಾರತೀಯ ಮಾನದಂಡ ಹೇಳುತ್ತದೆ. ಕೋಡಿಬಾಗದಂಥ ನದಿ-ಕಡಲ ಸಮೀಪದ ಜಾಗಗಳಲ್ಲಿ ಬೇಸಿಗೆಯಲ್ಲಿ ಹೆಚ್ಚು ಎಳೆದಷ್ಟೂ ಉಪ್ಪು ಒಳನುಗ್ಗುತ್ತದೆ. ಅಂಥ ನೀರು ಕುಡಿಯಲು ಬಾರದಿರುವುದಷ್ಟೇ ಅಲ್ಲ, ನಲ್ಲಿ, ಗೀಸರು, ಜಿಐ ಪೈಪುಗಳನ್ನೂ ತಿನ್ನುತ್ತದೆ. ಪೈಪನ್ನೆಲ್ಲ ಸಿಪಿವಿಸಿ ಪ್ಲಾಸ್ಟಿಕ್ಕಿಗೆ ಬದಲಿಸುವ ಖರ್ಚು ಲೆಕ್ಕದಲ್ಲಿರಲಿ.

ಹೋಗುವ ನೀರಿನ ಸಮಸ್ಯೆ ಮಳೆಗಾಲದ್ದು. ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ. ಜುಲೈಯಲ್ಲಿ ಅಂತರ್ಜಲ ನೆಲದ ಮಟ್ಟಕ್ಕೇ ಏರಿದಾಗ ಇಂಗುಗುಂಡಿ ಒಂದು ಹನಿಯನ್ನೂ ಇಂಗಿಸುವುದಿಲ್ಲ, ನೆಲಮಹಡಿಯ ಕಕ್ಕಸು ಉಕ್ಕುತ್ತದೆ. ನೆಲಮಹಡಿಯ ಬಾಡಿಗೆದಾರರು ಪ್ರತಿ ವರ್ಷ ಆಗಸ್ಟ್‌ನಲ್ಲಿ ಯಾಕೆ ಖಾಲಿ ಮಾಡುತ್ತಾರೆ ಎಂದು ಮಾರುವವರನ್ನು ಕೇಳಿದರೆ ಉತ್ತರ ಸಿಗದು. ಹಿಂದಿನ ಬಾಡಿಗೆದಾರರನ್ನು ಕೇಳಿ. ಇಂಗುಗುಂಡಿಗೂ ಬಾವಿಗೂ 18 ಮೀಟರ್ ಅಂತರ ಬೇಕು. ನಾಲ್ಕೈದು ಗುಂಟೆ ಜಾಗದಲ್ಲಿ ಅಷ್ಟು ಸಿಗುವುದೇ ಕಷ್ಟ, ಚಿರೇಕಲ್ಲಿನ ನೆಲವೋ ಜರಡಿಯಿದ್ದ ಹಾಗೆ. ನೀರನ್ನು ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪರೀಕ್ಷೆಗೂ ಕಳಿಸಿ, ಅದನ್ನು ಮಳೆಗಾಲದಲ್ಲಿ.

ತಾರಸಿಯ ಮೇಲೆ ಶೀಟಿನ ಮಾಡು ಹಾಕಿದ್ದರೆ ಒಳ್ಳೆಯದೇ, ಈ ಮಳೆಗೆ ಬರೀ ವಾಟರ್‌ಪ್ರೂಫಿಂಗ್ ನೆಚ್ಚಿಕೊಂಡವರು ಕಡಿಮೆ. ಆದರೆ ಶೀಟಿನ ಕೆಳಗೆ ಗೋಡೆ ಎಬ್ಬಿಸಿ ಕೋಣೆ ಮಾಡಿ ಬಾಡಿಗೆಗೆ ಕೊಟ್ಟಿದ್ದರೆ ಅದು ನಕ್ಷೆಯಲ್ಲಿಲ್ಲದ ಮಹಡಿ. ಅದರ ಬಾಡಿಗೆಯನ್ನು ಆದಾಯದಲ್ಲಿ ಸೇರಿಸಬೇಡಿ.

ಕಾಗದಪತ್ರ

ಇಡೀ ಕಟ್ಟಡ ಒಬ್ಬರ ಹೆಸರಲ್ಲಿದೆಯೇ, ಅಥವಾ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾಪತ್ರ ಆಗಿ ಮನೆಮನೆಗೂ ಬೇರೆ ಹಕ್ಕು ಹುಟ್ಟಿದೆಯೇ ಎಂಬುದು ಮೊದಲ ಪ್ರಶ್ನೆ. ಎಂಟರಲ್ಲಿ ಒಂದು ಮನೆ ಎಂದೋ ಮಾರಾಟವಾಗಿದ್ದರೂ ಜಾಗದಲ್ಲಿ ಅವರದೂ ಅವಿಭಾಜ್ಯ ಪಾಲು ಇರುತ್ತದೆ. ಮುಂದೆ ಕೆಡವಿ ಕಟ್ಟುವಾಗ ಆ ಒಬ್ಬರ ಒಪ್ಪಿಗೆಗೆ ಕಾಯಬೇಕು.

ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದದ್ದರಿಂದ ಪೇಟೆಯ ಜಾಗಗಳಿಗೆ ಸಿಟಿ ಸರ್ವೆ ನಂಬರು, ಪ್ರಾಪರ್ಟಿ ಕಾರ್ಡು ಸಿಗಬಹುದು. ಪ್ರಾಪರ್ಟಿ ಕಾರ್ಡಿನ ಹೆಸರು, ಕ್ರಯಪತ್ರದ ಹೆಸರು, ನಗರಸಭೆಯ ಖಾತೆಯ ಹೆಸರು ಮೂರೂ ಒಂದೇ ಆಗಿರಬೇಕು, ವಿಸ್ತೀರ್ಣವೂ. ಋಣಭಾರ ಪತ್ರವನ್ನು ಕನಿಷ್ಠ 30 ವರ್ಷದ್ದು ತೆಗೆಸಿ. 2004ರ ಏಪ್ರಿಲ್‌ನಿಂದೀಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದರ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಹಳೆಯ ಪುಸ್ತಕ ಹುಡುಕಿಸಬೇಕು. ಅರ್ಧ ಹುಡುಕಿ ಬಿಟ್ಟವರಿಗೆ ಹಳೆಯ ಅಡಮಾನ ಆಮೇಲೆ ಎದುರಾಗುತ್ತದೆ. ಇ-ಖಾತಾ ಇಲ್ಲದೆ ಈಗ ನೋಂದಣಿ ನಡೆಯುವುದಿಲ್ಲ, ಪಂಚಾಯಿತಿ ವ್ಯಾಪ್ತಿಯಲ್ಲಾದರೆ ನಮೂನೆ 9 ಮತ್ತು 11 ನೋಡಿ. 11ಬಿ (ಕ್ರಮಬದ್ಧವಲ್ಲದ ಆಸ್ತಿಯ ನಮೂನೆ) ಎಂದಿದ್ದರೆ ಬ್ಯಾಂಕಿನ ಸಾಲ ಕಷ್ಟ.

ಪಿತ್ರಾರ್ಜಿತ ಆಸ್ತಿಯಾದರೆ ಅಕ್ಕತಂಗಿಯರ ಸಹಿ ಬೇಕೇ ಬೇಕು. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು, 2020ರಲ್ಲಿ ಸುಪ್ರೀಂ ಕೋರ್ಟು ತಂದೆ ಆಗ ಬದುಕಿದ್ದರೇ ಇಲ್ಲವೇ ಎಂಬ ಗೊಂದಲವನ್ನೂ ನಿವಾರಿಸಿದೆ. ‘ಮದುವೆಯಾಗಿ ಹೋದವಳು, ಏನೂ ಕೇಳುವುದಿಲ್ಲ’ ಎಂಬ ಭರವಸೆಯ ಮೇಲೆ ಯಾರೂ ಕೋಟಿ ಸುರಿಯಬಾರದು. ಮಾಲೀಕರು ಗಲ್ಫಿನಲ್ಲಿದ್ದು ಅಧಿಕಾರಪತ್ರ ಕಳಿಸಿದ್ದರೆ ಅದು ಭಾರತಕ್ಕೆ ಬಂದು ಮೂರು ತಿಂಗಳೊಳಗೆ ಮುದ್ರಾಂಕ ಆಗಿರಬೇಕು. ಅನಿವಾಸಿಗಳಿಂದ ಕೊಳ್ಳುವಾಗ ಕಡಿತ ಮಾಡಬೇಕಾದ ತೆರಿಗೆ ಬೇರೆ. ಇಲ್ಲಿಯ ನಿವಾಸಿಯಾದರೆ 50 ಲಕ್ಷ ಮತ್ತು ಮೇಲ್ಪಟ್ಟ ಕ್ರಯಕ್ಕೆ 1%. ಅನಿವಾಸಿಯಾದರೆ ಅದಕ್ಕಿಂತ ತುಂಬ ಹೆಚ್ಚು. ಕಡಿತ ಮಾಡದೆ ಬಿಟ್ಟರೆ ಆ ಹೊರೆ ಕೊಂಡವರ ತಲೆಗೆ.

ಕಡಲತೀರದಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. ಮೊದಲ ಅಧಿಸೂಚನೆ 1991ರ ಫೆಬ್ರವರಿ 19ರದ್ದು, ಭರತದ (ಉಬ್ಬರದ) ಗೆರೆಯಿಂದ 500 ಮೀಟರ್ ಒಳಗಿನ ಜಾಗ ಅದರಡಿ ಬರುತ್ತದೆ, ಕಾಳಿ-ಗಂಗಾವಳಿ-ಅಘನಾಶಿನಿಯಂಥ ಉಬ್ಬರವಿಳಿತದ ನದಿಗಳ ದಂಡೆಗೂ ಅನ್ವಯ. ಆ ದಿನಾಂಕದ ಮೊದಲೇ ಕಟ್ಟಿದ್ದಕ್ಕೆ ಪರವಾನಿಗೆ, ಹಳೆಯ ತೆರಿಗೆ ರಸೀತಿ ಇದ್ದರೆ ನಿರಾಳ. ಆಮೇಲೆ ಕಟ್ಟಿದ್ದಕ್ಕೆ ಸಿಆರ್‌ಝಡ್ ಅನುಮತಿ ಕೇಳಿ. ನಾಳೆ ಕೆಡವಿದರೆ ಇಷ್ಟೇ ಮಹಡಿ ಮತ್ತೆ ಕಟ್ಟಲು ಬಿಡುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ತಿಳಿದುಕೊಳ್ಳಬೇಕು, ಯಾಕೆಂಬುದು ಲೆಕ್ಕದ ಭಾಗದಲ್ಲಿ ಗೊತ್ತಾಗುತ್ತದೆ. ಘಟ್ಟದ ಮೇಲಿನ ಶಿರಸಿಯಲ್ಲಿ ಸಿಆರ್‌ಝಡ್ ಇಲ್ಲ, ಅಲ್ಲಿ ಅದರ ಬದಲು ಅರಣ್ಯ. ಪೇಟೆಯ ಅಂಚಿನ ಜಾಗ ಅತಿಕ್ರಮಣದ್ದೋ, ಬೆಟ್ಟದ್ದೋ (ತೋಟಗಾರರಿಗೆ ಸೊಪ್ಪಿಗಾಗಿ ಬಿಟ್ಟ ಅರಣ್ಯ) ಆಗಿಲ್ಲವೆಂದು ಸರ್ವೆ ನಂಬರಿನ ಮೂಲದವರೆಗೆ ಹೋಗಿ ನೋಡಿ.

ಒಳಗಿರುವ ಒಕ್ಕಲುಗಳು

ಕಟ್ಟಡದ ಜೊತೆ ಬಾಡಿಗೆದಾರರೂ ಬರುತ್ತಾರೆ. ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನ ಪ್ರಕಾರ ಕೊಂಡವರು ಹಳೆಯ ಮಾಲೀಕರ ಸ್ಥಾನಕ್ಕೆ ಬರುತ್ತಾರೆ. ಇಲ್ಲಿ ಅಪಾಯ ಇರುವುದು ಭೋಗ್ಯದಲ್ಲಿ. ತಿಂಗಳ ಬಾಡಿಗೆ ಇಲ್ಲದೆ ಮೂರೋ ನಾಲ್ಕೋ ಲಕ್ಷ ಒಟ್ಟಿಗೆ ಕೊಟ್ಟು ಕೂತವರು ಇದ್ದರೆ, ಆ ಹಣವನ್ನು ಹಿಂದಿನವರು ಖರ್ಚು ಮಾಡಿರುತ್ತಾರೆ, ಮರಳಿಸುವ ಸರದಿ ನಿಮ್ಮದು. ಅದಕ್ಕೇ ಕ್ರಯಪತ್ರದ ಮೊದಲು ಪ್ರತಿ ಮನೆಯವರಿಂದ ಒಂದು ಪುಟದ ಹೇಳಿಕೆ ಬರೆಸಿಕೊಳ್ಳಬೇಕು: ಬಾಡಿಗೆ ಎಷ್ಟು, ಮುಂಗಡ ಎಷ್ಟು, ಯಾವಾಗಿನಿಂದ, ಕರಾರು ಎಂದು ಮುಗಿಯುತ್ತದೆ, ತಮ್ಮ ಖರ್ಚಲ್ಲಿ ಏನಾದರೂ ಮಾಡಿಸಿಕೊಂಡಿದ್ದಾರೆಯೇ. ಮುಂಗಡಗಳ ಮೊತ್ತವನ್ನು ಕ್ರಯದಲ್ಲೇ ಕಳೆಯಿರಿ. ಇಪ್ಪತ್ತೈದು ವರ್ಷದಿಂದ ಸಾವಿರ-ಒಂದೂವರೆ ಸಾವಿರಕ್ಕೆ ಇರುವ ಒಕ್ಕಲಿದ್ದರೆ 1999ರ ಬಾಡಿಗೆ ಕಾಯ್ದೆಯ ರಕ್ಷಣೆ ಅವರಿಗಿದೆಯೇ ಎಂದು ವಕೀಲರಿಂದ ತಿಳಿದುಕೊಂಡು ಮುಂದುವರಿಯಿರಿ. ಹೆಸ್ಕಾಂ ಮೀಟರುಗಳ ಬಾಕಿಯನ್ನೂ ಒಂದೊಂದಾಗಿ ನೋಡಿ, ಅದು ವ್ಯಕ್ತಿಯ ಹಿಂದೆ ಹೋಗದೆ ಜಾಗಕ್ಕೇ ಅಂಟಿಕೊಳ್ಳುತ್ತದೆ.

ಲಿಫ್ಟಿಲ್ಲದ ಕಡೆ ಎಲ್ಲ ಮನೆಗೂ ಒಂದೇ ಬಾಡಿಗೆ ಸಿಗದು. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ, ಅದನ್ನು ಮೂರನೇ ಮಹಡಿಗೆ ಹೊರುವುದೆಂದರೆ ಏನೆಂದು ವಯಸ್ಸಾದವರಿಗೆ ಗೊತ್ತು. ಮೇಲಿನ ಮಹಡಿಗೆ ಹುಡುಗರು, ನರ್ಸುಗಳು, ಒಂಟಿ ನೌಕರರು ಬರುತ್ತಾರೆ, ಬೇಗ ಬದಲಾಗುತ್ತಾರೆ. ಮೊದಲ ಮಹಡಿ ಖಾಲಿ ಬೀಳುವುದು ಕಡಿಮೆ. ಸರ್ಕಾರಿ ವರ್ಗಾವಣೆ, ಶಾಲೆ ಎರಡೂ ಮೇ-ಜೂನಿನಲ್ಲಿ. ಜುಲೈಯಲ್ಲಿ ಖಾಲಿಯಾದ ಮನೆ ದಸರಾವರೆಗೆ ಖಾಲಿ ಉಳಿಯಬಹುದು. ನೌಕಾನೆಲೆ, ಕೈಗಾದ ಹೊಸ ಘಟಕಗಳ ಗುತ್ತಿಗೆ ಕೆಲಸಗಾರರಿಂದ ಬರುವ ಬಾಡಿಗೆ ಕಾಮಗಾರಿ ಇರುವಷ್ಟು ದಿನದ್ದು, ಅದನ್ನೇ ಇಪ್ಪತ್ತು ವರ್ಷಕ್ಕೆ ಎಳೆದು ಲೆಕ್ಕ ಹಾಕಬಾರದು. ಶಿರಸಿಯ ಬೇಡಿಕೆಗೆ ಇನ್ನೊಂದು ಮೂಲವಿದೆ: ಮಕ್ಕಳ ಓದಿಗೆಂದು ಪೇಟೆಯಲ್ಲಿ ಮನೆ ಹಿಡಿಯುವ ತೋಟದ ಕುಟುಂಬಗಳು. ಬಾಡಿಗೆ ತಪ್ಪುವುದಿಲ್ಲ, ಆದರೆ ಪಿಯುಸಿ ಮುಗಿದ ಮಾರ್ಚಿಗೆ ಹೊರಡುತ್ತಾರೆ.

ಲೆಕ್ಕವನ್ನು ಹಿಂದಿನಿಂದ ಹಾಕುವುದು

ಒಂದು ಕಾಲ್ಪನಿಕ ಉದಾಹರಣೆ ಹಿಡಿಯೋಣ. ಎಂಟು ಮನೆ, ತಲಾ 9,000 ಬಾಡಿಗೆ, ಆರು ಗುಂಟೆ ಜಾಗ, ಕೇಳುತ್ತಿರುವುದು ಒಂದೂವರೆ ಕೋಟಿ. ವರ್ಷಕ್ಕೆ 8,64,000. ದಲ್ಲಾಳಿಯ ಬಾಯಲ್ಲಿ ಇದು ‘ಹತ್ತಿರ ಹತ್ತಿರ ಆರು ಪರ್ಸೆಂಟ್’.

ಪ್ರತಿ ಮನೆ ವರ್ಷಕ್ಕೆ ಒಂದು ತಿಂಗಳು ಖಾಲಿ ಎಂದುಕೊಂಡರೆ 72,000 ಹೋಯಿತು. ಆಸ್ತಿ ತೆರಿಗೆ 30,000, ಪಂಪು ಮತ್ತು ಮೆಟ್ಟಿಲ ದೀಪ 24,000, ಕಸ-ಟ್ಯಾಂಕು-ಸೆಪ್ಟಿಕ್ ಸ್ವಚ್ಛತೆ 44,000, ಬೇಸಿಗೆಯ ಟ್ಯಾಂಕರ್ 20,000, ಸಣ್ಣಪುಟ್ಟ ರಿಪೇರಿ 80,000, ನಾಲ್ಕೈದು ವರ್ಷಕ್ಕೊಮ್ಮೆಯ ಬಣ್ಣ-ಲೇಪಕ್ಕೆ ತೆಗೆದಿಡಬೇಕಾದದ್ದು 70,000, ವಿಮೆ 12,000. ಕೈಗುಳಿಯುವುದು 5,12,000, ಅದೂ ಆದಾಯ ತೆರಿಗೆಗೆ ಮೊದಲು.

ಹಾಕುವ ಹಣವೂ ಒಂದೂವರೆ ಕೋಟಿಗೆ ನಿಲ್ಲುವುದಿಲ್ಲ. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್-ಸರ್‌ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ 5.6%, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ 11,40,000. ಕಬ್ಬಿಣದ ದುರಸ್ತಿ, ಪೈಪು, ವೈರಿಂಗಿಗೆ 20 ಲಕ್ಷವೆಂದು ಇಟ್ಟುಕೊಂಡರೆ ಒಟ್ಟು ಹೂಡಿಕೆ 1,81,40,000. ಬರುವುದು 2.8%. ಬ್ಯಾಂಕಿನ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ, ಅದಕ್ಕೆ ಬಾಲ್ಕನಿಯೂ ಇಲ್ಲ.

ಈಗ ತಿರುಗಿಸಿ. ನಿಮಗೆ ನಿವ್ವಳ 5% ಬೇಕಾದರೆ ಒಟ್ಟು ಹೂಡಿಕೆ 1,02,40,000 ಮೀರಬಾರದು. ಅದರಲ್ಲಿ ದುರಸ್ತಿಯ 20 ಲಕ್ಷ ಕಳೆದು, ಉಳಿದದ್ದನ್ನು 1.076ರಿಂದ ಭಾಗಿಸಿದರೆ ಸುಮಾರು 76.5 ಲಕ್ಷ. ಬಾಡಿಗೆಗಾಗಿ ಕೊಡಬಹುದಾದ ಬೆಲೆ ಇಷ್ಟು. ಇದಕ್ಕೂ ಒಂದೂವರೆ ಕೋಟಿಗೂ ನಡುವಿನ 73.5 ಲಕ್ಷ ಕಟ್ಟಡಕ್ಕಲ್ಲ, ಜಾಗಕ್ಕೆ ಕೊಡುತ್ತಿರುವ ಹಣ. ಜಾಗದ ಮೇಲೆ ಮತ್ತೆ ನಾಲ್ಕು ಹಂತ ಏಳಿಸಬಹುದು ಎಂದಾದರೆ ಆ ಹಣಕ್ಕೆ ಅರ್ಥವಿದೆ. ಸಿಆರ್‌ಝಡ್, ರಸ್ತೆಯ ಅಗಲ, ಬಿಡಬೇಕಾದ ಅಂಚು ಇವುಗಳಿಂದಾಗಿ ಎರಡೇ ಹಂತಕ್ಕೆ ಅವಕಾಶ ಎಂದಾದರೆ ಜಾಗದ ಗುಂಟೆಯ ದರವನ್ನೇ ಮತ್ತೆ ಮಾತಾಡಬೇಕು. ಕಟ್ಟಡ ಇನ್ನು ಹನ್ನೆರಡು ವರ್ಷ ಮಾತ್ರ ಬಾಳುತ್ತದೆ ಎಂದು ಎಂಜಿನಿಯರ್ ಬರೆದುಕೊಟ್ಟಿದ್ದರೆ ಕೆಡವುವ ಖರ್ಚನ್ನೂ, ಹೊಸದು ಏಳುವವರೆಗೆ ಬಾಡಿಗೆ ಇಲ್ಲದ ಎರಡು ವರ್ಷವನ್ನೂ ಇದೇ ಹಾಳೆಯಲ್ಲಿ ಸೇರಿಸಿ.

ಸಾಲದ ಮೇಲೆ ಕೊಳ್ಳುವವರಿಗೆ ಇನ್ನೊಂದು ಮಾತು. ಬಾಡಿಗೆಯಿಂದಲೇ ಕಂತು ಕಟ್ಟುವ ಇಡೀ ಕಟ್ಟಡಕ್ಕೆ ಸಾಮಾನ್ಯ ಗೃಹಸಾಲದ ಬಡ್ಡಿದರ ಸಿಗುವುದು ಕಷ್ಟ, ಮೌಲ್ಯಮಾಪಕರು ಕಟ್ಟಡದ ಉಳಿದ ಆಯಸ್ಸು ನೋಡಿ ಕಂತಿನ ಅವಧಿಯನ್ನು ಮೊಟಕು ಮಾಡುತ್ತಾರೆ. ಬಾಡಿಗೆ ಆದಾಯಕ್ಕೆ ತೆರಿಗೆ ಲೆಕ್ಕ ಹಾಕುವಾಗ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರ 30% ರಿಪೇರಿ ಇತ್ಯಾದಿಗೆಂದು ತಾನಾಗಿಯೇ ಬಿಡುತ್ತಾರೆ, ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಆ 20 ಲಕ್ಷದ ದುರಸ್ತಿಯನ್ನು ಪ್ರತ್ಯೇಕ ಖರ್ಚೆಂದು ತೋರಿಸಲು ಬರುವುದಿಲ್ಲ. ಮುಂದೆ ಮಾರುವಾಗ ಯಾವುದನ್ನು ಸುಧಾರಣೆಯ ವೆಚ್ಚವೆಂದು ಸೇರಿಸಬಹುದೆಂದು ಲೆಕ್ಕಪರಿಶೋಧಕರನ್ನು ಕೇಳಿ, ಬಿಲ್ಲುಗಳನ್ನು ಅಲ್ಲಿಯವರೆಗೆ ಜೋಪಾನ ಮಾಡಿ. ಉಪ್ಪುಗಾಳಿಗೆ ಕಾಗದವೂ ಮೆತ್ತಗಾಗುತ್ತದೆ, ಸ್ಕ್ಯಾನ್ ಮಾಡಿಡಿ.